ಸರೋವರ ಹೇಗಿದೆ ಹೇಳಮ್ಮ

ಮಿನೆಸೋಟಾ, ಡಿಸೆಂಬರ್ ೩

ಲೊರೇನ್ ಚಿಕ್ಕಮ್ಮನಿಗೆ,

ನನ್ನ ಕೆಮ್ಮು ಇಳಿದಿದೆ. ರಸಾಯನಶಾಸ್ತ್ರಕ್ಕೆ ಬಂದವಳಿಗೆ ತತ್ತ್ವಶಾಸ್ತ್ರ ಯಾಕೆಂದು ಅಪ್ಪನಂತೆ ನಾನೂ ಗೊಣಗುತ್ತಿದ್ದೆ. ಕ್ರಿಸ್‌ಮಸ್‌ಗೆ ಕಾಲೇಜು ಬಿಟ್ಟೇ ಬರುವವಳಿದ್ದೆ. ನಿನ್ನೆ ತತ್ತ್ವಶಾಸ್ತ್ರ ಕಲಿಸುವ ಫಾದರ್ ಓಡಿಲೋ ಪಾಠ ನಿಲ್ಲಿಸಿ ನಮ್ಮನ್ನು ಕಾಲೇಜು ನಡೆಸುವ ಕ್ರೈಸ್ತ ಮಠದ ರೋಗಿಗಳ ಕೋಣೆಗೆ ಕರೆದೊಯ್ದರು. ಕಣ್ಣು ಹೋಗಿರುವ ಮುದುಕ ಸನ್ಯಾಸಿ ಬ್ರದರ್ ವೆಂಡೆಲ್ ನನ್ನ ಕೈ ಹಿಡಿದು, “ಸರೋವರ ಹೆಪ್ಪುಗಟ್ಟಿದೆಯಂತಲ್ಲ, ಹೇಗಿದೆ ಹೇಳಮ್ಮ” ಎಂದರು.

“ಬೆಳ್ಳಗಿದೆ.”

“ಅಷ್ಟು ನಂಗೂ ಗೊತ್ತು ಕಣಮ್ಮ! ಸರಿಯಾಗಿ ನೋಡ್ಕೊಂಡು ಬಾ” ಎಂದು ನಕ್ಕರು.

ದಡದಲ್ಲಿ ಒಂದು ಗಂಟೆ ನಿಂತೆ. ಮಂಜುಗಡ್ಡೆಯೊಳಗೆ ಗಾಳಿಗುಳ್ಳೆಗಳು ಮೇಲೇರುತ್ತ ಅರ್ಧಕ್ಕೇ ನಿದ್ದೆಹೋದಂತಿದ್ದವು. ಅಡಿಯಲ್ಲೆಲ್ಲೋ ನೀರು ಗುನುಗುತ್ತಿತ್ತು. ಹಿಂದಿರುಗಿ ಎಲ್ಲವನ್ನೂ ಹೇಳಿದೆ. ಬ್ರದರ್, “ಈಗ ಕಾಣ್ತಿದೆ” ಎಂದರು.

ಪ್ರಾರ್ಥನೆಯ ಗಂಟೆ ಹೊಡೆಯಿತು, ಓಡುತ್ತೇನೆ. ಇದನ್ನು ಅಪ್ಪನಿಗೂ ಓದಿಹೇಳಿ: ತತ್ತ್ವಶಾಸ್ತ್ರ ಯಾಕೆಂದು ಇನ್ನು ಗೊಣಗುವುದಿಲ್ಲ, ನಾನು ಕಾಲೇಜು ಬಿಡುವುದಿಲ್ಲ.

ನಿಮ್ಮ ಕೊರಿನ್