ಮೂರು ದಿನದ ತೊಗಲು

೧೯ ಜನವರಿ, ಭಾನುವಾರ. ಹುಲಿಕುಂಟೆ.

ಏಳನೇ ಇಲಿಯ ಶುಗರ್ ಮತ್ತೆ ನಾನೂರ ಇಪ್ಪತ್ತು! ಬೆಳಿಗ್ಗೆ ಲ್ಯಾಬಿನಿಂದ ಶೃತಿ ಮೆಸೇಜು ಹಾಕಿದಾಗಿಂದ ತಲೆ ಕೆಟ್ಟಿದೆ. ಬೇರೆ ಇಲಿಯ ಮೇದೋಜ್ಜೀರಕದಿಂದ ತೆಗೆದ, ಇನ್ಸುಲಿನ್ ಮಾಡುವ ಜೀವಕಣಗಳನ್ನು ಜೆಲ್ಲಿಯಂಥ ಕವಚದಲ್ಲಿ ಸುತ್ತಿ ಸಕ್ಕರೆ ಕಾಯಿಲೆಯ ಈ ಇಲಿಯ ಹೊಟ್ಟೆಯೊಳಗೆ ಇಟ್ಟಿದ್ದೆ. ಹದಿನೆಂಟು ದಿನ ಶುಗರ್ ಸರಿಯಿತ್ತು. ಆಮೇಲೆ ಅದೇ ಹಳೇ ಕತೆ. ಕವಚ ಸವೆಯಿತು, ಮೈಯ ರಕ್ಷಣಾ ಕೋಶಗಳು ನುಗ್ಗಿ ಎಲ್ಲವನ್ನೂ ಮುಗಿಸಿದವು. ಎರಡು ವರ್ಷದಲ್ಲಿ ಇದು ಐದನೇ ಕವಚ. ಥೂ.

ಸಿಟ್ಟಿನಲ್ಲೇ ಕುರಿ ರೊಪ್ಪಕ್ಕೆ ಹೋದೆ. ಮರಿ ಸತ್ತ ಕುರಿಯೊಂದು ತಬ್ಬಲಿ ಮರಿಯನ್ನು ಹತ್ತಿರ ಸೇರಿಸದೆ ಗುದ್ದುತ್ತಿತ್ತು. ಅಪ್ಪ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಯ ಮೈಗೆ ಕಟ್ಟಿದ. ಕುರಿ ಮೂಸಿ ನೋಡಿ ಸುಮ್ಮನೆ ಹಾಲು ಕೊಟ್ಟಿತು. ನನಗೆ ಹೊಟ್ಟೆ ಉರಿದುಹೋಯಿತು.

"ತೊಗಲು ಕಿತ್ತೋದ್ರೆ ಏನ್ ಮಾಡ್ತೀಯಪ್ಪ?"

"ನಾನೇ ಬಿಚ್ಚಾಕ್ತೀನಿ ಕಣಮ್ಮ. ಮೂರು ದಿನ ಸಾಕು. ಅಷ್ಟರಾಗೆ ಇದು ನಂದೇ ಮರಿ ಅಂತ ಅದ್ಕೆ ಗೊತ್ತಾಗಿರ್ತದೆ."

ಹರಿಯದ ತೊಗಲಿಗಾಗಿ ಎರಡು ವರ್ಷ ಒದ್ದಾಡಿದೆನಲ್ಲ! ಆ ಕಣಗಳು ತನ್ನವೇ ಅಂತ ಇಲಿಯ ಮೈಗೆ ಕಲಿಸುವುದರ ಬಗ್ಗೆ ಬಂದ ಸಂಶೋಧನಾ ಪೇಪರುಗಳನ್ನೆಲ್ಲ ಓದಿ ಪಕ್ಕಕ್ಕಿಟ್ಟವಳೂ ನಾನೇ.

ಇದನ್ನು ಬರೆಯುತ್ತಿರುವಾಗ ತಂಗಿ ಲಾವಣ್ಯ ಪಕ್ಕದಲ್ಲೇ ಕೂತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾಳೆ. ಇವತ್ತಿನ ನಾಲ್ಕನೆಯದು. "ಅಕ್ಕ, ನಿನ್ನ ಇಲಿ ಹೆಂಗೈತೆ?" ಅಂದಳು.

"ಚೆನ್ನಾಗೈತೆ" ಅಂದುಬಿಟ್ಟೆ.

ಸೂಜಿ ತೆಗೆದು ನನ್ನ ಮುಖ ನೋಡಿ, "ಇದೂ ಹೋಯ್ತಾ?" ಅಂದಳು.