ನೊರೆ ತುಂಬಿದ ತಲೆ

ಮಾರ್ಚ್ ೧೨, ಬುಧವಾರ

ಪ್ರೀತಿಯ ತಂಗೀ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಕೈನೋವು ಎಂದರೆ ನೀನು ನಂಬುವವಳಲ್ಲ. ದಿನಕ್ಕೆ ಹತ್ತು ತಲೆಗೆ ಕತ್ತರಿ ಹಿಡಿಯುವವಳಿಗೆ ಪೆನ್ನು ಭಾರವೇ ಎನ್ನುತ್ತೀಯ. ತಪ್ಪು ನನ್ನದೇ, ಕ್ಷಮಿಸು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಭಾವನ ಮಂಡಿನೋವು ಹಾಗೇ ಇದೆ, ಅದರ ಬಗ್ಗೆ ಅವರ ಭಾಷಣವೂ ಹಾಗೇ ಇದೆ.

ಇವತ್ತು ಮಾತ್ರ ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ.

ನನ್ನ ಪಾರ್ಲರಿಗೆ ಒಬ್ಬ ಹೆಡ್ ನರ್ಸ್ ಬರುತ್ತಾರೆ. ದೊಡ್ಡಾಸ್ಪತ್ರೆಯ ಮೂರನೇ ಮಹಡಿಯ ವಾರ್ಡು ಅವರದು. ತೊಂದರೆಯಾಗಿ, ಹೆರಿಗೆಗೆ ಎಷ್ಟೋ ಮುಂಚೆಯೇ ಬಂದು ಮಲಗಿದ ಬಸುರಿಯರು ಅಲ್ಲಿರುತ್ತಾರೆ. ಕೆಲವರಿಗೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ಜನವರಿಯಲ್ಲಿ ಆಕೆ ಕೂದಲು ಕತ್ತರಿಸಿಕೊಳ್ಳುತ್ತಾ, “ಅಕ್ಕಾ, ಮಾತ್ರೆ ನಾವು ಕೊಡ್ತೀವಿ, ಬಿಪಿ ನಾವು ನೋಡ್ತೀವಿ. ಆ ಹೆಣ್ಮಕ್ಕಳ ತಲೆ ತೊಳೆಯೋಕೆ ಮಾತ್ರ ನಮಗೆ ಪುರುಸೊತ್ತಿಲ್ಲ. ಸೋಮವಾರ ನಿಮಗೆ ರಜಾ ಅಲ್ವಾ?” ಎಂದರು. ಹ್ಞೂ ಎಂದುಬಿಟ್ಟೆ.

ಮಲಗಿದವರ ತಲೆ ತೊಳೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಗಾಳಿ ತುಂಬಿದ ರಬ್ಬರ್ ತೊಟ್ಟಿಯನ್ನು ಕತ್ತಿನ ಕೆಳಗಿಟ್ಟು, ಮಗ್ಗಿನಲ್ಲಿ ಬೆಚ್ಚಗಿನ ನೀರು ಸುರಿಯಬೇಕು. ಕೊಳೆ ನೀರು ಕೊಳವೆಯಲ್ಲಿ ಬಕೆಟ್ಟಿಗೆ ಇಳಿಯಬೇಕು. ಮೊದಲ ದಿನ ಮೂರು ಹಾಸಿಗೆ ನೆನೆಸಿದೆ. “ನೀವು ತಲೆ ತೊಳೆಯೋಕೆ ಬಂದಿದ್ದೋ, ನೆಲ ತೊಳೆಯೋಕೋ?” ಎಂದು ಆಯಾ ದಬಾಯಿಸಿದಳು. ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗಬಾರದೆಂದು ಅವರಿಗೂ ಬೈಗುಳ ಬಿತ್ತು.

ಕಿಟಕಿಯ ಪಕ್ಕದ ಹಾಸಿಗೆಯವಳು ಒಬ್ಬಳೇ ನಗಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರ್. ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿದೆ, ಯಾವ ಗಳಿಗೆಯಲ್ಲಾದರೂ ರಕ್ತ ಹೋಗಬಹುದು ಎಂದು ನರ್ಸ್ ಹೇಳಿದರು. ಹಿಂದೆ ಎರಡು ಬಸುರು ನಿಂತಿರಲಿಲ್ಲ. ಇಪ್ಪತ್ತಾರನೇ ವಾರಕ್ಕೇ ಬಂದು, ಗೋಡೆಗೆ ಮುಖಮಾಡಿ ಮಲಗಿದ್ದಳು. ಕೂದಲು ಗಂಟುಗಂಟಾಗಿ ಹಕ್ಕಿಗೂಡಾಗಿತ್ತು. ಕತ್ತರಿಸಿಬಿಡೋಣ ಎಂದರು ನರ್ಸ್. ಕತ್ತರಿ ನನ್ನ ಹೊಟ್ಟೆಪಾಡು, ಆದರೂ ಮನಸ್ಸು ಬರಲಿಲ್ಲ. ಮೂರು ಸೋಮವಾರ ಕೂತು ಎಳೆ ಎಳೆಯಾಗಿ ಬಿಡಿಸಿದೆ.

“ನೋವಾದ್ರೆ ಹೇಳಮ್ಮ,” ಎಂದೆ ಎರಡನೆಯ ವಾರ.

“ತಲೆ ನೋಯ್ಲಿ ಅಕ್ಕಾ. ಅಷ್ಟು ಹೊತ್ತು ಹೊಟ್ಟೆ ಮರೆತಿರತ್ತೆ.” ಅದೇ ಅವಳ ಮೊದಲ ಮಾತು. ಸ್ವಲ್ಪ ಹೊತ್ತಿನ ಮೇಲೆ, “ಬಂದೋರೆಲ್ಲ ಹೊಟ್ಟೆ ನೋಡ್ಕೊಂಡು ಮಾತಾಡ್ತಾರೆ. ನನ್ನ ಮುಖ ನೋಡೋರು ನೀವೊಬ್ಬರೇ. ಅದೂ ತಲೆಕೆಳಗಾಗಿ!” ಎಂದಳು.

ಅಲ್ಲಿಂದ ನಮಗೆ ಗಳಸ್ಯಕಂಠಸ್ಯ. ಜಡೆ ಹಾಕಿ ಕನ್ನಡಿ ಹಿಡಿದರೆ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಳ್ಳುತ್ತಿದ್ದಳು.

ಮೊನ್ನೆ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಾಂಪೂ ಹಚ್ಚಿ ಉಜ್ಜುತ್ತಿದ್ದೆ. “ಅಕ್ಕಾ, ಕೈ ನಿಲ್ಲಿಸಿ,” ಎಂದಳು, ತೀರಾ ಮೆಲ್ಲಗೆ. “ಏನೋ ಬೆಚ್ಚಗೆ ಹರೀತಿದೆ.” ಹೊದಿಕೆ ಸರಿಸಿದೆ. ಹಾಸಿಗೆಯೆಲ್ಲ ರಕ್ತ. ನಾನು ಕೂಗಿದ ಕೂಗಿಗೆ ಇಡೀ ಮಹಡಿ ಎದ್ದು ಬಂತು. ಎರಡೇ ನಿಮಿಷದಲ್ಲಿ ಮಂಚವನ್ನೇ ತಳ್ಳಿಕೊಂಡು ಹೊರಟರು, ತಲೆಯ ತುಂಬ ನೊರೆ ಹಾಗೇ ಇದ್ದಂತೆ. ಜೊತೆಗೆ ಓಡುತ್ತಲೇ ಟವೆಲ್ ಸುತ್ತಿದೆ. ನನ್ನ ಮಣಿಕಟ್ಟು ಹಿಡಿದು, “ಮೂವತ್ಮೂರು ವಾರ ಎರಡು ದಿನ. ಡಾಕ್ಟ್ರಿಗೆ ಸರಿಯಾಗಿ ಹೇಳಿ,” ಎಂದಳು. ಲೆಕ್ಕದ ಟೀಚರಲ್ಲವೇ!

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, “ಇವ್ರ ಕಡೆಯೋರು ಯಾರು?” ಎಂದು ಕೇಳಿದರು. “ನಾನು,” ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಅವಳ ಗಂಡ ಪೇಂಟರ್. ಫೋನ್ ಮಾಡಿದ ತಕ್ಷಣ ಅರ್ಧ ಗೋಡೆ ಬಿಟ್ಟು ಓಡಿಬಂದ. ಅವನ ಮೊಣಕೈವರೆಗೂ ಬಿಳಿ ಬಣ್ಣ, ನನ್ನ ಮೊಣಕೈವರೆಗೂ ಒಣಗಿದ ನೊರೆ. ಇಬ್ಬರೂ ಬೆಂಚಿನ ಮೇಲೆ ಕೂತೆವು. “ಅವಳಿಗೇನಾದ್ರೂ...” ಎಂದ.

“ಆ ಮಾತು ಮುಗಿಸ್ಬೇಡಪ್ಪ,” ಎಂದೆ.

ಒಂದೂವರೆ ಗಂಟೆಯಾದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ಇಳಿಸಿದರು. “ಹೆಣ್ಣು ಮಗು. ಒಂದು ಕೆಜಿ ಒಂಬೈನೂರು ಗ್ರಾಂ. ಜೋರಾಗೇ ಅತ್ತಿದಾಳೆ. ತಾಯಿಗೆ ಮೂರು ಬಾಟ್ಲಿ ರಕ್ತ ಕೊಟ್ವಿ, ಈಗ ಭಯ ಇಲ್ಲ. ಅಂದ ಹಾಗೆ, ಥಿಯೇಟರ್ ಪೂರ್ತಿ ಶಾಂಪೂ ವಾಸನೆ. ಯಾರಮ್ಮ ಅದು?”

ಹೋದ ಜೀವ ಬಂದಂತಾಯಿತು ಕಣೇ. ಅವನು ನಗುತ್ತಾ ಅಳುತ್ತಾ ಆ ಕೈಯಲ್ಲೇ ಮುಖ ಒರೆಸಿಕೊಂಡ. ಮುಖಕ್ಕೆ ಸುಣ್ಣ ಹೊಡೆದಂತಾಯಿತು. ಅದನ್ನು ನೋಡಿ ಡಾಕ್ಟರಮ್ಮನೂ ನಕ್ಕರು.

ನಿನ್ನೆ ಪಾರ್ಲರಿನ ಬಾಗಿಲು ತೆರೆಯಲಿಲ್ಲ. ಡಾಕ್ಟರನ್ನು ಕೇಳಿಕೊಂಡು, ಅವಳನ್ನು ಅಲುಗಿಸದೆ, ಗಟ್ಟಿಯಾಗಿ ಅಂಟಿದ್ದ ನೊರೆಯನ್ನೆಲ್ಲ ತೊಳೆದೆ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ, ಮೂರು ವಾರ ಇರಬೇಕಂತೆ. ಅವಳು ಫೋಟೋ ತೋರಿಸಿ, “ತಲೆ ತುಂಬ ಕೂದಲು, ನೋಡಿ. ನಿಮಗೊಬ್ಬಳು ಗಿರಾಕಿ ಹೆಚ್ಚಾದ್ಲು,” ಎಂದಳು. ಮನೆಗೆ ಬಂದು ಎರಡು ತಟ್ಟೆ ಊಟ ಮಾಡಿದೆ. “ಹೆತ್ತವಳು ಅವಳೋ, ನೀನೋ?” ಎಂದರು ನಿಮ್ಮ ಭಾವ.

ನಿನ್ನ ಬೆನ್ನು ನೋಡಿಕೋ, ಭಾರ ಎತ್ತಬೇಡ. ನೀನೂ ನಿನ್ನ ಯಜಮಾನರೂ ಹತ್ತು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ತಾ. ಕ.: ಇದು ಮರೆತು ಕೆಳಗೆ ಬರೆದದ್ದಲ್ಲ. ಮೇಲೆ ಬರೆಯುವ ಧೈರ್ಯ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನೀನೂ ಹೀಗೇ ಆರು ವಾರ ಆಸ್ಪತ್ರೆಯಲ್ಲಿ ಮಲಗಿದ್ದೆ. ಆಗ ನನ್ನ ಮನೆಯಿಂದ ಅಲ್ಲಿಗೆ ಬಸ್ಸಿಗೆ ಅರ್ಧ ಗಂಟೆಯ ದಾರಿ. ನಾನು ಬಂದದ್ದು ಒಂದೇ ಸಲ. ಹಣ್ಣಿನ ಚೀಲ ಇಟ್ಟು, ಹತ್ತು ನಿಮಿಷ ನಿಂತು, ಗಿರಾಕಿಗಳು ಕಾಯ್ತಿದಾರೆ ಎಂದು ಹೊರಟುಬಿಟ್ಟೆ. ಯಾರೂ ಕಾಯುತ್ತಿರಲಿಲ್ಲ. ನಿನ್ನನ್ನು ಹಾಗೆ ನೋಡಲು ಹೆದರಿಕೆಯಾಗಿ ಓಡಿಹೋದೆ. ಹೆಣ್ಣುಮಗು, ಉಳಿಯಲಿಲ್ಲವೆಂದು ತಿಳಿದ ಮೇಲೆ, ಆ ಮಾತೆತ್ತಿದರೆ ನಿನಗೆ ನೋವೆಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಬಾಯಿ ಹೊಲಿದುಕೊಂಡೆ. ಹೊಟ್ಟೆಯಲ್ಲಿದ್ದಾಗ ನೀನು ಅವಳನ್ನು ಏನೆಂದು ಕರೆಯುತ್ತಿದ್ದೆ? ನಾನು ಕೇಳಲೇ ಇಲ್ಲ. ಬರೆಯಲಾಗದಿದ್ದರೆ ಬೇಡ. ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ನೀನು ಹೇಳುವಷ್ಟು ಹೊತ್ತೂ ಕೂತಿರುತ್ತೇನೆ.