ಮನೆಯವರಿಗೆ ಹೇಳಬೇಕಾದ ಮಾತು

ಅಪ್ಪಾ,

ನನ್ನ ಮದುವೆಯಾಗಿ ಇವತ್ತಿಗೆ ಇಪ್ಪತ್ತೊಂದು ದಿನ! ನಿನ್ನ ಅಳಿಯ ದಿನಾ ನನ್ನ ಊಟದ ಡಬ್ಬಿಯಲ್ಲಿ ಒಂದು ಚೀಟಿ ಇಡುತ್ತಾರೆ. ಓದಿ ಒಬ್ಬಳೇ ನಗುತ್ತೇನೆ.

ಸಮ್ಮೇಳನ ನಡೆಸಿಕೊಡುವುದು ನಮ್ಮ ಕಂಪನಿಯ ಕೆಲಸ. ಮುಂದಿನ ವಾರ ಎಂಟುನೂರು ಜನ ಸೇರುತ್ತಾರೆ. ಯಾರಿಗಾದರೂ ಎದೆನೋವು ಬಂದರೆ ಸ್ಟ್ರೆಚರ್ ಯಾವ ಬಾಗಿಲಿನಿಂದ ಬರಬೇಕು, ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು ಎಂದು ಬರೆದ ಫೈಲನ್ನು ತಿದ್ದಲು ಇವತ್ತು ನನಗೆ ಕೊಟ್ಟರು. ಯಾರಾದರೂ ತೀರಿಕೊಂಡರೆ ಮನೆಯವರಿಗೆ ಫೋನಿನಲ್ಲಿ ಹೇಳಬೇಕಾದ ಮಾತು ಕೊನೆಯ ಪುಟದಲ್ಲಿತ್ತು: "ಎರಡೇ ನಿಮಿಷದಲ್ಲಿ ಡಾಕ್ಟರ್ ಬಂದರು. ನಿಮ್ಮವರಿಗೆ ಏನೂ ಗೊತ್ತಾಗಲಿಲ್ಲ, ನಿದ್ದೆ ಬಂದ ಹಾಗೆ ಹೋದರು."

ನೀನು ಇಂಥದೇ ಒಂದು ಸಮ್ಮೇಳನದಲ್ಲಿ ಕುಸಿದು ಬಿದ್ದ ದಿನ ಅಲ್ಲಿಯವರು ಅಮ್ಮನಿಗೆ ಹೇಳಿದ್ದೂ ಇದನ್ನೇ, ಒಂದಕ್ಷರ ಬಿಡದೆ.

ಮ್ಯಾನೇಜರನ್ನು ಕೇಳಿದೆ. "ಸರ್, ಇನ್ನೂ ಯಾರೂ ಸತ್ತಿಲ್ಲ. ನಿದ್ದೆ ಬಂದ ಹಾಗೆ ಹೋದ್ರು ಅಂತ ಈಗಲೇ ಹೇಗೆ ಗೊತ್ತು?"

"ಅಯ್ಯೋ ಮದುಮಗಳೇ, ಎಲ್ಲಾ ಕಂಪನಿಯವರೂ ಇದನ್ನೇ ಇಟ್ಕೊಂಡಿದ್ದಾರಮ್ಮಾ. ಮನೆಯವರಿಗೆ ಸಮಾಧಾನ ಆದ್ರೆ ಸಾಕಲ್ವಾ?"

ಅಮ್ಮ ಮೂರು ವರ್ಷದಿಂದ ಆ ಸಮಾಧಾನದಲ್ಲೇ ಇದ್ದಾಳೆ. ನೀನು ಮೂರು ಗಂಟೆಗೆ ಬಿದ್ದೆ, ಆ ಕ್ಷಣವೇ ಹೋದೆ ಎಂದು ನಂಬಿದ್ದಾಳೆ. ಮೂರೂ ಇಪ್ಪತ್ತಕ್ಕೆ ನಿನ್ನ ನಂಬರಿನಿಂದ ನನಗೆ ಕರೆ ಬಂದಿತ್ತೆಂದು ನಾನು ಅವಳಿಗೆ ಹೇಳಿಲ್ಲ. ಆಗ ನಿನ್ನ ಈ ಅಳಿಯನ ಜೊತೆಯೇ ಐಸ್‌ಕ್ರೀಮ್ ತಿನ್ನುತ್ತಿದ್ದೆ. ಆಮೇಲೆ ಮಾಡಿದರಾಯಿತು ಎಂದು ಕಟ್ ಮಾಡಿದೆ.

ಇವತ್ತು ಫೈಲಿನ ಆ ಮಾತನ್ನು ಹೊಡೆದುಹಾಕಿ ಹೀಗೆ ಬರೆದೆ: "ಅವರು ಕೊನೆಗೆ ಯಾರನ್ನು ಕೇಳಿದರು ಎಂಬುದನ್ನು ಮನೆಯವರಿಗೆ ತಪ್ಪದೆ ತಿಳಿಸಬೇಕು."

ಎರಡು ಸಲ ಓದಿದೆ. ಆಮೇಲೆ ಅದನ್ನೂ ಹೊಡೆದುಹಾಕಿದೆ, ಅಪ್ಪಾ.